ಚಿಗವ್ವನ ಮೀಟರಿನ ಸರಾಸರಿ

ಶನಿವಾರ, ಜೂನ್ ೧೪. ಸಂಜೆ ೭ ಗಂಟೆ ೧೦ ನಿಮಿಷಕ್ಕೆ ಬರೆಯಲು ಕೂತೆ. ಜಾಗ: ರಂಗಂಪೇಟೆ, ಚಿಗವ್ವನ ಮನೆ. ಅವಳು ನಮ್ಮವ್ವನ ತಂಗಿ. ಒಬ್ಬಳೇ ಇರುತ್ತಾಳೆ, ಕುಪ್ಪಸ ಹೊಲಿದು ಬದುಕುತ್ತಾಳೆ.

ಕರೆಂಟಿಗೆ ದುಡ್ಡು ಕಟ್ಟುತ್ತಿದ್ದ ಕಾಲದಲ್ಲಿ, ಶಹಾಪುರದಿಂದ ಬಂದಾಗಲೆಲ್ಲ ಅವಳ ಮೀಟರ್ ನೋಡಿ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಫ್ಯಾನ್ ಆರಿಸು, ಇಸ್ತ್ರಿ ವಾರಕ್ಕೊಮ್ಮೆ ಸಾಕು ಎಂದು ಬೆನ್ನು ಹತ್ತಿದ್ದೆ. ತಿಂಗಳಿಗೆ ಮೂವತ್ತೊಂದು ಯೂನಿಟ್ ಇದ್ದದ್ದು ಹತ್ತೊಂಬತ್ತಕ್ಕೆ ಇಳಿದ ದಿನ ಕೆಂಪು ಪೆನ್ನಿನಲ್ಲಿ ಬರೆದೆ. ಇಬ್ಬರೂ ಮಂಡಕ್ಕಿ ನೆನೆಸಿ ಸೂಸಲಾ ಮಾಡಿ ತಿಂದೆವು. ಮುಂದೆ ವರ್ಷವಿಡೀ ಅದು ಅಲ್ಲೇ ನಿಂತಿತು.

ಆಮೇಲೆ ಮನೆಗಳಿಗೆ ಪುಕ್ಕಟೆ ಕರೆಂಟ್ ಬಂತು. ಹಿಂದಿನ ವರ್ಷದ ಸರಾಸರಿಗೆ ಒಂದಿಷ್ಟು ಸೇರಿಸಿ ಪ್ರತಿ ಮನೆಗೂ ಪಾಲು ಗೊತ್ತುಮಾಡಿದರು. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. ಚಿಗವ್ವನ ಪಾಲು ಈಗ ಇಪ್ಪತ್ತೊಂಬತ್ತು ಯೂನಿಟ್. ಕೂಲರ್, ಫ್ರಿಜ್ ಇರುವ ಎದುರು ಮನೆಗೆ ಅದರ ಐದು ಪಟ್ಟು.

ಚಿಗವ್ವನ ಮೊಣಕಾಲು ಬಾತಿವೆ. ಮಷಿನ್ ತುಳಿಯಬೇಡ ಅಂದಿದ್ದಾರೆ ಡಾಕ್ಟರ್. ಅದಕ್ಕೇ ತಂದ ಮೋಟಾರು ಇವತ್ತು ಬೆಳಿಗ್ಗೆಯೂ ಹಳೇ ಸೀರೆಯಲ್ಲಿ ಸುತ್ತಿಟ್ಟಂತೆಯೇ ಇತ್ತು.

"ಯಾಕ ಹಚ್ಚಿಲ್ಲ ಚಿಗವ್ವ?"

"ಫ್ಯಾನಿನ ಜೋಡಿ ಇದೂ ತಿರುಗಿದ್ರ ನನ್ನ ಪಾಲು ದಾಟ್ತದ."

"ಕಾಲು ನೋಡು, ಹೆಂಗ ಬಾತಾವ!"

"ಹತ್ತೊಂಬತ್ತಕ್ಕ ಇಳಿಸಿ ಸೂಸಲಾ ತಿನ್ನಿಸಿದಾಕಿ ನೀನ ಅಲ್ಲೇನು?" ಎಂದು ನಕ್ಕಳು. "ಎದುರಿನಾಕಿ ಹಗಲೆಲ್ಲಾ ಲೈಟ್ ಹಚ್ಚಿ ಕುಂತಿದ್ಲು. ಆಕಿ ಶ್ಯಾಣ್ಯಾಕಿ ಆದ್ಲು, ನಾವು ಡೈರಿ ಬರದ್ವಿ."

ನನಗೆ ನಗು ಬರಲಿಲ್ಲ. ನಾನೇ ಮೋಟಾರು ಕೂಡಿಸಿ ಬೆಲ್ಟ್ ಹಾಕಿದೆ, ಫ್ಯಾನ್ ಆರಿಸಿದೆ. ಎರಡು ಕುಪ್ಪಸ ಬೇಗ ಮುಗಿದವು. ಹೊಲಿಯುವಷ್ಟು ಹೊತ್ತೂ ಅವಳ ಕಣ್ಣು ಸೂಜಿಗಿಂತ ಹೆಚ್ಚಾಗಿ ಬಾಗಿಲ ಮೇಲಿನ ಮೀಟರಿನ ಮೇಲಿತ್ತು. ಬೆವರು ಕುಪ್ಪಸದ ಬಟ್ಟೆಯ ಮೇಲೆ ಬೀಳತೊಡಗಿತು. ೮ ಗಂಟೆ ೪೦ಕ್ಕೆ ಬೆಲ್ಟ್ ಬಿಚ್ಚಿ, ಫ್ಯಾನ್ ಹಾಕಿಕೊಂಡು, ಮತ್ತೆ ತುಳಿಯತೊಡಗಿದಳು. ಮೋಟಾರಿಗೆ ಸೀರೆ ಸುತ್ತಿಟ್ಟಳು.

ಹಳೆಯ ಸರಾಸರಿಯನ್ನು ಬದಲಾಯಿಸಿ ಕೊಡುತ್ತಾರೆಯೇ? ಸುರಪುರದಲ್ಲಿ ಎರಡು ಕಡೆ ಕೇಳಿದೆ. ಒಬ್ಬರು ಆಗುತ್ತದೆ ಅಂದರು, ಇನ್ನೊಬ್ಬರು ಇಲ್ಲ ಅಂದರು. ಯಾರಾದರೂ ಇಂಥ ಅರ್ಜಿ ಕೊಟ್ಟು ಪಾಲು ಹೆಚ್ಚಿಸಿಕೊಂಡಿದ್ದರೆ, ಯಾವ ಕಾಗದ ಬೇಕಾಯಿತು ಎಂದು ದಯವಿಟ್ಟು ಬರೆದು ತಿಳಿಸಿ. ನನ್ನ ಹಳೇ ಡೈರಿ ದಾಖಲೆಗೆ ಬರುವುದಾದರೆ ಅದನ್ನೂ ಕೊಡುತ್ತೇನೆ.