ಚಿತ್ರ ಮೇಲಾದ ಮುಚ್ಚಳ

ಆ ದಿನ ಬಾಟಲಿಯ ಮುಚ್ಚಳವನ್ನು ಚಿತ್ರ ಮೇಲಾಗಿ ಇಟ್ಟವನು ನಾನು. ಬಿಯರ್ ಕೆಟ್ಟಿದೆ ಎಂದು ನನ್ನ ಮೂಗಿಗೆ ತಿಳಿದಿತ್ತು, ತಿಳಿದೇ ಇಟ್ಟೆ. ಅಮರೇಶಣ್ಣ ತಪ್ಪು ನೋಡಲಿಲ್ಲ, ನಾನು ತೋರಿಸಿದ್ದನ್ನು ಸರಿಯಾಗಿಯೇ ನೋಡಿದ. ಇಷ್ಟು ಬರೆಯಲು ನನಗೆ ಮೂರು ವರ್ಷ ಬೇಕಾಯಿತು.

ನಾನು ಮಸ್ಕಿಯವನು. ಬಸ್ ಸ್ಟ್ಯಾಂಡಿನಲ್ಲಿ ಸೋಡಾ ಮಾರುತ್ತ ಮಾತು ಕಲಿತೆ, ಆ ಮಾತಿನ ಮೇಲೆಯೇ ಬದುಕು ಕಟ್ಟಿಕೊಂಡೆ. ಒಂದು ಬಿಯರ್ ಕಂಪನಿಯ ಪ್ರತಿನಿಧಿಯಾಗಿ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಅಂಗಡಿ, ಬಾರುಗಳನ್ನು ಸುತ್ತುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆಲ್ಲ ಬುದ್ಧಿ ಹೇಳುವುದು ನನ್ನ ಚಟ — ಗಿರಾಕಿ ಮುಂದೆ ಮೊದಲು ಸುಮ್ಮನಿರಿ, ಅವನೇ ತನ್ನ ಕಷ್ಟ ಹೇಳಲಿ, ಕಷ್ಟ ಹೇಳಿಕೊಂಡವನು ಅರ್ಧ ಒಪ್ಪಿದ ಹಾಗೆ. ಈ ಬುದ್ಧಿಯನ್ನು ಅಮರೇಶಣ್ಣನ ಮೇಲೂ ಪ್ರಯೋಗಿಸಿದೆ. ಅವನು ತನ್ನ ಕಷ್ಟ ಹೇಳಿಕೊಂಡ. ನಾನು ಸುಮ್ಮನೆ ಕೇಳಿಸಿಕೊಂಡೆ.

ಅಮರೇಶಣ್ಣ ನನಗಿಂತ ಹತ್ತು ವರ್ಷ ದೊಡ್ಡವನು, ಹಟ್ಟಿಯಲ್ಲಿ ಬೆಳೆದವನು. ಅವನ ಅಪ್ಪ ಚಿನ್ನದ ಗಣಿಯಲ್ಲಿ ನೆಲದೊಳಗೆ ದುಡಿದವರು. ಮಗನಿಗೆ ಆ ಕತ್ತಲೆ ಬೇಡವಾಗಿತ್ತು, ದೂರದ ಬಿಯರ್ ಕಾರ್ಖಾನೆಗೆ ಹೋದ. ತಾಯಿಗೆ ಮಾತ್ರ ಕೊನೆಯವರೆಗೂ ಬಾರ್ಲಿ ನೀರು ತಯಾರಿಸುವ ಕಾರ್ಖಾನೆ ಎಂದೇ ಹೇಳಿದ್ದನಂತೆ. "ಸುಳ್ಳೇನಲ್ಲಲೇ ಬಸ್ಯಾ, ಅರ್ಧ ಖರೇನ ಹೇಳೀನಿ" ಎಂದು ನನಗೆ ಹೇಳಿ ನಗುತ್ತಿದ್ದ. ಸಿಂಧನೂರಿನಿಂದ ಲಿಂಗಸುಗೂರಿಗೆ ನಾವು ಒಂದೇ ಬೈಕಿನಲ್ಲಿ ಹೋಗುತ್ತಿದ್ದೆವು, ಅವನು ಓಡಿಸುವವನು, ನಾನು ಹಿಂದೆ. ಅವನ ಕಥೆಯೆಲ್ಲ ನನಗೆ ಹೀಗೆ ಗಾಳಿಯಲ್ಲಿ, ತುಂಡು ತುಂಡಾಗಿ ಸಿಕ್ಕಿತು.

ಕಾರ್ಖಾನೆಯಲ್ಲಿ ಅವನ ಮೊದಲ ಕೆಲಸ ಕಣ್ಣಿನದು. ಬಿಳಿ ದೀಪದ ಪರದೆಯ ಮುಂದೆ ತೊಳೆದ ಬಾಟಲಿಗಳು ಸಾಲಾಗಿ ಓಡುತ್ತವೆ. ಒಳಗೆ ಕಸವಿದೆಯೋ, ಬಾಯಿ ಸೀಳಿದೆಯೋ ನೋಡಿ ಅಂಥದ್ದನ್ನು ಎತ್ತಿಡಬೇಕು. ಉಳಿದವರಿಗೆ ಸ್ವಲ್ಪ ಹೊತ್ತಿಗೇ ಕಣ್ಣಲ್ಲಿ ನೀರು ಬರುತ್ತಿತ್ತಂತೆ. ಇವನು ಕೂದಲೆಳೆಯಷ್ಟು ಬಿರುಕನ್ನೂ ಬಿಟ್ಟವನಲ್ಲ. ಆಮೇಲೆ ಮೂಗು ಚುರುಕೆಂದು ಬಿಯರಿನ ರುಚಿ ನೋಡುವ ಕೋಣೆಗೆ ಹಾಕಿದರು. ಅಲ್ಲಿಗೆ ಹೋಗುವವರು ತಂಬಾಕು ಮುಟ್ಟಬಾರದು, ಘಮದ ಎಣ್ಣೆ ಹಚ್ಚಬಾರದು, ಬೆಳಿಗ್ಗೆ ಹಸಿ ಉಳ್ಳಾಗಡ್ಡಿ ತಿನ್ನಬಾರದು. ರೊಟ್ಟಿ ತಿನ್ನುವ ನಮ್ಮ ಕಡೆಯ ಮನುಷ್ಯ ಹದಿನಾರು ವರ್ಷ ಮಧ್ಯಾಹ್ನದವರೆಗೆ ಉಳ್ಳಾಗಡ್ಡಿ ಬಿಟ್ಟಿದ್ದ! ಕೊನೆಗೆ ಊರ ಕಡೆ ಬರಬೇಕೆನಿಸಿ ನಮ್ಮ ಭಾಗಕ್ಕೆ ಕೇಳಿ ಹಾಕಿಸಿಕೊಂಡ. ಇಲ್ಲಿ ಬಿಸಿಲು ನಿಮಗೆ ಗೊತ್ತೇ ಇದೆ. ತಗಡಿನ ಕೆಳಗೆ ಇಟ್ಟ ಬಿಯರ್ ಬೇಗ ಕೆಡುತ್ತದೆ. ಅಂಗಡಿಯವರು ದೂರು ಕೊಟ್ಟರೆ ಒಂದು ಬಾಟಲಿ ತೆರೆದು ಮೂಸಿ ತೀರ್ಪು ಕೊಡುವವನು ಅಮರೇಶಣ್ಣ. ಅವನು ಕೆಟ್ಟಿದೆ ಎಂದರೆ ಕಂಪನಿ ಮಾಲು ವಾಪಸು ತೆಗೆದುಕೊಳ್ಳಬೇಕು. ಸರಿ ಇದೆ ಎಂದರೆ ಅಂಗಡಿಯವನು ಬಾಯಿ ಮುಚ್ಚಬೇಕು. ಅಷ್ಟು ಮಾನ ಆ ಮೂಗಿಗೆ.

ಕೊರೊನಾ ಜ್ವರದಲ್ಲಿ ಆ ಮೂಗು ಹೋಯಿತು. ಬೇರೆಯವರಿಗೆ ವಾಸನೆ ತಿಂಗಳಲ್ಲಿ ಮರಳಿ ಬಂತು, ಇವನಿಗೆ ಬರಲೇ ಇಲ್ಲ. ಯಾರಿಗೂ ಹೇಳದೆ ನನಗೊಬ್ಬನಿಗೆ ಹೇಳಿದ — ಮಸ್ಕಿ ಗುಡ್ಡದ ಹತ್ತಿರ ಬೈಕು ನಿಲ್ಲಿಸಿ, ನನ್ನ ಮುಖ ನೋಡದೆ. ಉಪಾಯ ಹೂಡಿದವನು ನಾನೇ. ಅವನು ನನಗೆ ಮೂಸುವುದು ಕಲಿಸಲಿ, ಬಾಟಲಿ ತೆರೆಯುವವನು ನಾನಾಗಲಿ, ತೆರೆಯುವಾಗ ಮೊದಲು ನಾನು ಮೂಸಲಿ. ಬಿಯರ್ ಸರಿಯಿದ್ದರೆ ಮುಚ್ಚಳವನ್ನು ಕಂಪನಿಯ ಚಿತ್ರ ಮೇಲಾಗಿ ಇಡುವುದು. ಕೆಟ್ಟಿದ್ದರೆ ಮಗುಚಿ, ಒಳಗಿನ ಬಿಳಿ ಕಾಣುವಂತೆ. ಅವನು ಅದನ್ನು ನೋಡಿಕೊಂಡು, ಮೂಸಿದ ಹಾಗೆ ಮಾಡಿ ತೀರ್ಪು ಕೊಡುವುದು.

ಅವನು ಎಷ್ಟು ಚೆನ್ನಾಗಿ ಕಲಿಸಿದ! ಹುಳಿಯಾದರೆ ನಾಲಿಗೆಗೂ ತಿಳಿಯುತ್ತದೆ. ಹಳಸಿ ಒದ್ದೆ ರಟ್ಟಿನ ವಾಸನೆ ಬಂದಿದ್ದರೆ ಅದು ಮೂಗಿಗೆ ಮಾತ್ರ ಸಿಗುತ್ತದೆ, ಅದನ್ನು ಹಿಡಿದೆಯೆಂದರೆ ನೀ ಗೆದ್ದೆ ಅನ್ನುತ್ತಿದ್ದ. ಎರಡು ವರ್ಷ ಮುಚ್ಚಳ ಒಮ್ಮೆಯೂ ತಪ್ಪಲಿಲ್ಲ. ಮೂಗು ಸತ್ತ ಮೇಲೂ ಅವನು ಬೆಳಿಗ್ಗೆ ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ.

ಆಮೇಲೆ ಕಂಪನಿಯಿಂದ ಸುದ್ದಿ ಬಂತು. ಮೂರು ತಾಲೂಕಿಗೆ ಇನ್ನು ಒಬ್ಬನೇ ಸಾಕು. ಅವನಿಗೆ ಹೆಸರಿತ್ತು, ಅನುಭವವಿತ್ತು, ಉಳಿಯುವವನು ಅವನೇ ಎಂದು ಎಲ್ಲರೂ ಮಾತಾಡಿಕೊಂಡರು. ಅವನು ಮಾತ್ರ ನನ್ನ ಹೆಗಲ ಮೇಲೆ ಕೈಯಿಟ್ಟು, ಇಬ್ಬರನ್ನೂ ಉಳಿಸಿಕೊಳ್ಳಿ ಎಂದು ಸಾಹೇಬರಿಗೆ ಹೇಳುತ್ತೇನೆ ಅಂದ. ಹೇಳಿದ್ದನೋ ಏನೋ. ಅದಕ್ಕೆ ಮೊದಲೇ ನಾನು—

ಸಿಂಧನೂರಿನ ಒಂದು ಬಾರಿನಿಂದ ದೂರು ಬಂದಿತ್ತು. ಮಧ್ಯಾಹ್ನ ಕಂಪನಿಯ ಮ್ಯಾನೇಜರ್ ಸಾಹೇಬರೇ ಬಂದರು. ಬಾರಿನ ಸಾಹುಕಾರ, ಅವನ ನಾಲ್ಕು ಜನ, ನಾವಿಬ್ಬರು. ನಾನು ಬಾಟಲಿ ತೆರೆದೆ. ತೆರೆಯುತ್ತಲೇ ಒದ್ದೆ ರಟ್ಟಿನ ವಾಸನೆ — ಅವನೇ ಕಲಿಸಿದ್ದು — ಮೂಗಿಗೆ ಬಡಿಯಿತು. ಮುಚ್ಚಳ ನನ್ನ ಎರಡು ಬೆರಳ ನಡುವೆ ಇತ್ತು. ಕೈ ನಡುಗಿತು ಎಂದು ಬರೆಯಬಹುದು. ನಡುಗಲಿಲ್ಲ. ಚಿತ್ರ ಮೇಲಾಗಿ ಇಟ್ಟೆ.

ಅಮರೇಶಣ್ಣ ನೋಡಿದ, ಬಾಟಲಿ ಮೂಗಿನ ಹತ್ತಿರ ಹಿಡಿದ, ಕಣ್ಣು ಮುಚ್ಚಿದ. "ಸರಿ ಐತ್ರೀ ಸಾಹೇಬ್ರ, ಏನೂ ಆಗಿಲ್ಲ."

ಸಾಹುಕಾರ ಒಂದು ಗ್ಲಾಸಿಗೆ ಸುರಿದು ಮ್ಯಾನೇಜರ್ ಕೈಗೆ ಕೊಟ್ಟ. ಅವರು ಮೂಸಿ ಮುಖ ಕಿವುಚಿದರು. ಸಾಹುಕಾರ ನಕ್ಕ: "ಏನ್ ಅಮರೇಶಪ್ಪ, ಮೂಗು ಮನ್ಯಾಗ ಬಿಟ್ಟು ಬಂದೀಯೇನು?" ಎಲ್ಲರೂ ನಕ್ಕರು. ಅವರ ಜೊತೆ ನಾನೂ ನಕ್ಕೆ. ಮ್ಯಾನೇಜರ್ ನಗಲಿಲ್ಲ. ಅಮರೇಶಣ್ಣನಿಗೆ ಕಣ್ಣು ಮುಚ್ಚಲು ಹೇಳಿ, ಮೂಲೆಯಲ್ಲಿದ್ದ ಫಿನಾಯಿಲ್ ಡಬ್ಬಿಯ ಮುಚ್ಚಳ ತೆಗೆದು ಅವನ ಮೂಗಿನ ಕೆಳಗೆ ಹಿಡಿದು, ಇದು ಹೇಗಿದೆ ಎಂದು ಕೇಳಿದರು.

ಅವನು ಉಸಿರೆಳೆದು ಮೂಸಿದ. ಆಮೇಲೆ ಮೆಲ್ಲಗೆ, "ಇದೂ ಚೊಲೋ ಐತ್ರಿ" ಅಂದ.

ವಾರದೊಳಗೆ ರಾಜೀನಾಮೆ ಬರೆಸಿಕೊಂಡರು. ಮೂರೂ ತಾಲೂಕು ನನ್ನ ಪಾಲಿಗೆ ಬಂದವು.

ಇಷ್ಟಕ್ಕೇ ನಿಂತಿದ್ದರೆ ಒಂದೇ ತಪ್ಪಾಗುತ್ತಿತ್ತು. ಆ ದಿನ ಬಾರಿನಿಂದ ಹೊರಗೆ ಬಂದು ಬೈಕಿನ ಹತ್ತಿರ ನಿಂತಾಗ ಅವನು ನನ್ನನ್ನು ಬೈಯಲಿಲ್ಲ. "ನಂದ ತಪ್ಪು ಬಸ್ಯಾ. ನೀ ಬಿಳಿ ಮ್ಯಾಲ ಮಾಡಿ ಇಟ್ಟಿದ್ದಿ ಅಲ್ಲಾ? ನನಗ ಚಿತ್ರ ಕಂಡಂಗಾತು" ಅಂದ. ಅಲ್ಲಿ ನಿಜ ಹೇಳಬಹುದಿತ್ತು. ಹೇಳದೆ ಸುಮ್ಮನಾದರೂ ಇರಬಹುದಿತ್ತು. ಬುದ್ಧಿ ಹೇಳುವ ಚಟದವನಲ್ಲವೇ ನಾನು —

"ಹೌದಣ್ಣ. ಒಮ್ಮೆ ಡಾಕ್ಟರಿಗೆ ಕಣ್ಣು ತೋರಿಸಿಬಿಡ್ರಿ" ಅಂದೆ.

ಅವನು ಬೈಕಿನ ಕೀಲಿ ನನ್ನ ಕೈಗೆ ಕೊಟ್ಟ. ಅಂದಿನಿಂದ ಅವನು ಬೈಕು ಓಡಿಸಿಲ್ಲ.

ಈಗ ಪಾಮನಕಲ್ಲೂರಿನಲ್ಲಿ ಇದ್ದಾನೆ. ಹೆಂಡತಿ ಈರಮ್ಮ ಕಿರಾಣಿ ಅಂಗಡಿ ನಡೆಸುತ್ತಾಳೆ, ಇವನು ಪಕ್ಕದಲ್ಲಿ ಕೂರುತ್ತಾನೆ. ಲಿಂಗಸುಗೂರಿನ ಡಾಕ್ಟರು ಕಣ್ಣು ಪರೀಕ್ಷಿಸಿ ಏನೂ ತೊಂದರೆಯಿಲ್ಲ ಎಂದರಂತೆ. ಇವನು ನಂಬಲಿಲ್ಲ. ಸಂತೆಯಲ್ಲಿ ಯಾವುದೋ ಕನ್ನಡಕ ಕೊಂಡು ಹಾಕಿಕೊಂಡಿದ್ದಾನೆ. ಅದನ್ನು ಹಾಕಿಕೊಂಡರೆ ಎಲ್ಲವೂ ಮಬ್ಬು ಕಾಣುತ್ತದೆ, ನೋಡು, ಕಣ್ಣು ಹೋಗಿರುವುದು ಖರೆ ಅನ್ನುತ್ತಾನೆ. ಕೂದಲೆಳೆಯ ಬಿರುಕು ಹಿಡಿದ ಕಣ್ಣು!

ಹೋದ ತಿಂಗಳು ಅವರ ಅಂಗಡಿಗೆ ಹೋಗಿ ಎಲ್ಲ ಹೇಳಿದೆ, ಏನೂ ಮುಚ್ಚಿಡದೆ. ಬೈಯಲಿ, ಹೊಡೆಯಲಿ ಎಂದುಕೊಂಡು ಕೂತೆ. ಅವನು ಕನ್ನಡಕ ತೆಗೆದು ಅಂಗಿಯಿಂದ ಒರೆಸಿದ. ಮುಖದಲ್ಲಿ ಸಿಟ್ಟು ಇರಲಿಲ್ಲ.

"ನನ್ನ ಸಮಾಧಾನಕ್ಕಂತ ಇಷ್ಟು ದೂರ ಬಂದು ಸುಳ್ಳು ಹೇಳಾಕತ್ತೀ. ನನ್ನ ತಪ್ಪು ನಿನ್ನ ತಲಿ ಮ್ಯಾಲ ಯಾಕ ಹೊತ್ಕೊಂತಿ? ನಿನ್ನಂಥಾ ತಮ್ಮ ಯಾರಿಗೆ ಸಿಗ್ತಾನ."

ನಾನು ಆಣೆ ಮಾಡಿದೆ. ನಕ್ಕುಬಿಟ್ಟ. ಮಾತಿನಿಂದ ಕೆಟ್ಟ ಮಾಲನ್ನೂ ಸಾಗಿಸಿದವನು ನಾನು. ಆ ದಿನ ಅವನ ಮುಂದೆ ನನ್ನ ಮಾತಿಗೆ ಕಿಮ್ಮತ್ತೇ ಇರಲಿಲ್ಲ. ಕೊನೆಗೆ ಜೇಬಿನಿಂದ ಒಂದು ಮುಚ್ಚಳ ತೆಗೆದು ಅವನ ಮುಂದಿನ ಹಲಗೆಯ ಮೇಲೆ ಚಿತ್ರ ಮೇಲಾಗಿ ಇಟ್ಟೆ. ಕನ್ನಡಕ ಹಾಕಬ್ಯಾಡ್ರಿ ಅಣ್ಣ, ಹಾಗೇ ನೋಡಿ ಹೇಳ್ರಿ, ಏನು ಕಾಣಾಕತ್ತೈತಿ ಎಂದು ಬೇಡಿಕೊಂಡೆ.

ಅವನು ಬಗ್ಗಿದ. ಬಹಳ ಹೊತ್ತು ನೋಡಿದ. ಉತ್ತರ ಅವನ ತುಟಿಯವರೆಗೆ ಬಂದದ್ದನ್ನು ನಾನು ಕಂಡೆ. ಅದನ್ನು ನುಂಗಿಕೊಂಡು, ಮುಚ್ಚಳವನ್ನು ಒಂದು ಬೆರಳಿನಿಂದ ಹೆಂಡತಿಯ ಕಡೆ ಮೆಲ್ಲಗೆ ಸರಿಸಿದ.

"ಈರಮ್ಮ, ನೀ ನೋಡಿ ಹೇಳು."