ಜವರಪ್ಪ ಉಸ್ತಾದರ ಹೊಸ್ತಿಲು

ಜವರಪ್ಪ ಉಸ್ತಾದರ ಕಿವಿಗಳು ಬೆಂದು ಒಡೆದ ಆಲೂಗಡ್ಡೆಯ ಹಾಗಿದ್ದವು. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಹಾಗೆ ಮುದುಡಿಹೋಗುತ್ತವಂತೆ. ಊಟಿಯ ಚಳಿಗೆ ನಾವೆಲ್ಲ ಮಂಕಿ ಕ್ಯಾಪ್ ಎಳೆದುಕೊಂಡು ಓಡಾಡುವಾಗ ಅವರು ಮಾತ್ರ ಆ ಕಿವಿಗಳನ್ನು ಮೆಡಲ್‌ಗಳಂತೆ ತೋರಿಸಿಕೊಂಡು ಮಾರ್ಕೆಟ್ ರಸ್ತೆಯಲ್ಲಿ ಬರುತ್ತಿದ್ದರು. ನೆಟ್ಟಗಿನ ಬೆನ್ನು, ಒಂದು ಗೆರೆಯೂ ಅಲುಗದ ಮುಖ. ನಾನು ಓದಿದ ಕಾನ್ವೆಂಟಿನ ಮದರ್ ಸುಪೀರಿಯರ್ ಒಬ್ಬರನ್ನು ಬಿಟ್ಟರೆ ಅಂಥ ಪೋಸ್ಚರ್ ಯಾರಲ್ಲೂ ಕಂಡಿಲ್ಲ. ನಗುವಿನ ವಿಷಯದಲ್ಲೂ ಇಬ್ಬರೂ ಒಂದೇ.

ನಮ್ಮ ಮನೆಯ ಹಿಂದೆಯೇ ಅವರ ಗರಡಿ. ಅವರ ತಂದೆ ಗುಂಡ್ಲುಪೇಟೆ ಕಡೆಯಿಂದ ಬಂದು ತರಕಾರಿ ಮಂಡಿಯಲ್ಲಿ ಮೂಟೆ ಹೊತ್ತವರು. ಇಲ್ಲಿಯ ಮಣ್ಣು ಕುಸ್ತಿಗೆ ಆಗದು ಅಂತ, ಕ್ಯಾರೆಟ್ ಇಳಿಸಿ ಖಾಲಿ ವಾಪಸು ಬರುವ ಲಾರಿಗಳಲ್ಲಿ ತಮ್ಮೂರ ಕೆಮ್ಮಣ್ಣು ತರಿಸಿದರಂತೆ. ಅದಕ್ಕೆ ಮಜ್ಜಿಗೆ, ಅರಿಸಿನ, ಎಳ್ಳೆಣ್ಣೆ ಕಲಸಿ ಅಖಾಡ ಕಟ್ಟಿದರಂತೆ. ಸಾಯುವಾಗ ಒಂದು ಹಿಡಿ ಆ ಮಣ್ಣನ್ನು ಮಗನ ಕೈಗಿಟ್ಟು ಹೇಳಿದ್ದು ಒಂದೇ ಮಾತು: ಹೆಣ್ಣಿನ ಕಾಲು ಈ ಹೊಸ್ತಿಲು ದಾಟಬಾರದು.

ದಾಟಲಿಲ್ಲ. ಅವರ ಹೆಂಡತಿ ನಿಂಗಮ್ಮ ಬೆಳಬೆಳಗ್ಗೆ ಮಂಜಿನಲ್ಲಿ ಬಾದಾಮಿ ಹಾಲಿನ ಹಿತ್ತಾಳೆ ಚೊಂಬು ತಂದು ಹೊಸ್ತಿಲ ಮೇಲಿಟ್ಟು ಕೆಮ್ಮುತ್ತಿದ್ದರು. ಕೆಮ್ಮು ಕೇಳಿದರೆ ಹಾಲು ಬಂತು ಅಂತ ಒಳಗಿನವರಿಗೆ ಗೊತ್ತು. "ಒಳಗೆ ಹೇಗಿದೆ ನಿಂಗಮ್ಮ?" ಅಂತ ನಾನೊಮ್ಮೆ ಕೇಳಿದ್ದೆ.

"ನಂಗೇನ್ ಗೊತ್ತವ್ವಾ? ವಾಸ್ನೆ ಮಾತ್ರ ಚೆನ್ನಾಗದೆ," ಅಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು.

ಹಾಗೇ ಹೊರಗೇ ನಿಂತು, ಒಂದು ಮಳೆಗಾಲದಲ್ಲಿ ಹೋಗಿಬಿಟ್ಟರು ಪುಣ್ಯಾತ್ಗಿತ್ತಿ.

ಆಮೇಲಾಮೇಲೆ ಹುಡುಗರೂ ಕನ್ನಡಿ, ಮ್ಯೂಸಿಕ್ ಇರುವ ಜಿಮ್‌ಗಳ ಕಡೆ ತಿರುಗಿದರು. ಉಸ್ತಾದರು ಮಾತ್ರ ದಿನಾ ಒಬ್ಬರೇ ಗುದ್ದಲಿ ಹಿಡಿದು ಅಖಾಡದ ಮಣ್ಣು ತಿರುವಿ ಹದ ಮಾಡುತ್ತಿದ್ದರು, ಯಾರೂ ಇಳಿಯದ ಮಣ್ಣನ್ನು. ಸಂಜೆ ಕಾಫಿಗೆ ನಮ್ಮ ಮನೆಗೆ ಬರುವುದು ರೂಢಿಯಾಯಿತು.

ಆಗ ನನ್ನ ಮೊಮ್ಮಗಳು ತಾರಾ ಹೈಸ್ಕೂಲಿನಲ್ಲಿದ್ದಳು. ಅವಳಮ್ಮ ಕೊಯಮತ್ತೂರಿನಲ್ಲಿ ನರ್ಸ್, ಮಗು ನನ್ನ ಹತ್ತಿರ. ಸಂಜೆಯಾದರೆ ಟೀವಿಯಲ್ಲಿ ಅವಳ ಜಪಾನೀ ಕಾರ್ಟೂನು. "ಕಾರ್ಟೂನ್ ಅನ್ಬೇಡ ಅಜ್ಜಿ, ಆನಿಮೆ!" ಅದರಲ್ಲೊಬ್ಬ ಉದ್ದ ಜಡೆಯ ಯೋಧ. ನಗುವುದಿಲ್ಲ, ಮಾತು ಕಡಿಮೆ. ತನ್ನ ಕುಲದ ವಿದ್ಯೆಯನ್ನು ಹೊರಗಿನವರಿಗೆ ಕಲಿಸೆನೆಂದು ಗುರುವಿಗೆ ಮಾತು ಕೊಟ್ಟವನು. ಮೊದಲ ದಿನ ಮೂಗು ಮುರಿದ ಉಸ್ತಾದರು ಎರಡನೆಯ ದಿನ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ನಿಲುವು ಸರಿಯಾಗದೆ ಕಣವ್ವ ಇವಂದು. ಆದ್ರೆ ಜಡೆ ಯಾಕೆ? ಎದುರಾಳಿ ಹಿಡ್ಕೊಂಡ್ರೆ ಕತೆ ಮುಗೀತು."

ಅವನಿಗೆ ಜಡೆ ಪೈಲ್ವಾನ ಅಂತ ಅವರೇ ಹೆಸರಿಟ್ಟರು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಕನ್ನಡದಲ್ಲಿ ಓದಿ ಹೇಳಬೇಕು. ತಡವಾದರೆ "ಏನಂದ? ಏನಂದ?" ಅಂತ ಗದರುವರು.

ಒಂದು ಸಂಜೆ ತಾರಾ ಕೇಳಿಯೇಬಿಟ್ಟಳು. "ತಾತ, ನಂಗೂ ಕುಸ್ತಿ ಕಲಿಸಿ."

"ಅದು ಗಂಡ್ ಹೈಕ್ಳ ವಿದ್ಯೆ ಕೂಸೇ."

"ಎಲ್ಲಿದ್ದಾರೆ ತಾತ, ಗಂಡ್ ಹೈಕ್ಳು?"

ಉಸ್ತಾದರು ಟೀವಿಯ ಕಡೆ ತಿರುಗಿದರು. ಅವರ ಲೋಟದಲ್ಲಿ ಕಾಫಿ ಕೆನೆಗಟ್ಟಿತು.

ಮಾರನೆಯ ವಾರ ಕತೆಯಲ್ಲಿ ಶತ್ರುವಿನ ಅನಾಥ ಮಗಳು ವಿದ್ಯೆ ಬೇಡಿ ಮಳೆಯಲ್ಲಿ ಬಂದು ಜಡೆ ಪೈಲ್ವಾನನ ಬಾಗಿಲಲ್ಲಿ ನಿಂತಳು. ಅವನು ಎದ್ದು ಬಾಗಿಲು ತೆರೆದ. ಉಸ್ತಾದರು ದಡಕ್ಕನೆ ಎದ್ದರು.

"ಕೆಟ್ಟ ಕಣವ್ವ, ಕೆಟ್ಟ! ಗುರು ಮಾತು ಮುರಿದ್ಮ್ಯಾಲೆ ತೋಳಿಗೆ ಬಲ ಎಲ್ಲಿಂದ ಬಂದಾತು?"

ಅಷ್ಟೇ. ಮತ್ತೆ ಕಾಫಿಗೆ ಬರಲಿಲ್ಲ. ತಾತ ಬರದೆ ಮುಂದಿನ ಎಪಿಸೋಡ್ ಹಾಕುವುದಿಲ್ಲ ಅಂತ ತಾರಾಳ ಹಟ. ಸಾಲದ್ದಕ್ಕೆ ಬೆಳಗ್ಗೆ ಎದ್ದು ಹೋಗಿ ಗರಡಿಯ ಹೊರಗೆ, ಸರಿಯಾಗಿ ನಿಂಗಮ್ಮ ನಿಲ್ಲುತ್ತಿದ್ದ ಜಾಗದಲ್ಲಿ, ಒಳಗಿನ ಗುದ್ದಲಿ ಸದ್ದು ಕೇಳುತ್ತಾ ನಿಲ್ಲತೊಡಗಿದಳು. ಸ್ವೆಟರ್ ಹಾಕು ಅಂದರೆ ಕೇಳಬೇಕಲ್ಲ! ಶೀತವಾಯಿತು. ಒಂದು ದಿನ ಮಂಜಿನಲ್ಲಿ ನಿಂತವಳು ತಡೆಯಲಾರದೆ ಕೆಮ್ಮಿದಳು.

ಒಳಗೆ ಗುದ್ದಲಿ ನಿಂತಿತು. ಉಸ್ತಾದರು ಓಡಿಬಂದರಂತೆ, ಮೈಯೆಲ್ಲ ಮಣ್ಣು. ಯಾರನ್ನೋ ಹುಡುಕುವವರ ಹಾಗೆ ಆಚೀಚೆ ನೋಡಿ, ಇವಳನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡರಂತೆ. "ಅಜ್ಜಿ, ತಾತ ಬೈಲಿಲ್ಲ. ಕಣ್ಣು ಒರೆಸಿಕೊಂಡರು," ಅಂದಳು ತಾರಾ.

ಆ ಮಧ್ಯಾಹ್ನವೇ ಅವರು ಬುಟ್ಟಿಯಲ್ಲಿ ಅಖಾಡದ ಮಣ್ಣು ಹೊತ್ತು ತಂದು ನಮ್ಮ ಅಂಗಳದಲ್ಲಿ ಸುರಿಯಲು ಶುರು ಮಾಡಿದರು, ನನ್ನ ಜೆರೇನಿಯಂ ಗಿಡಗಳ ಪಕ್ಕದಲ್ಲೇ.

"ಇದೇನು ಉಸ್ತಾದ್ರೇ?"

"ಹೆಣ್ಣು ಹೊಸ್ತಿಲು ದಾಟಬಾರ್ದು ಅಂದ್ರು ನಮ್ಮಪ್ಪ. ಮಣ್ಣು ದಾಟಬಾರ್ದು ಅನ್ನಲಿಲ್ಲ."

"ನೀವು ಲಾಯರ್ ಆಗಬೇಕಿತ್ತು!"

ಅವರು ನಗಲಿಲ್ಲ. ಆದರೆ ಆ ಕಿವಿಗಳು ಕೆಂಪಾದವು.

ಕೆಲವು ದಿನ ಪಾಠ ಚೆನ್ನಾಗಿಯೇ ನಡೆಯಿತು. ಆದರೆ ಇದು ಊಟಿ. ಒಂದು ಬೆಳಗ್ಗೆ ಮಳೆ ಹಿಡಿಯಿತು. ಅವರಪ್ಪ ಲಾರಿಯಲ್ಲಿ ಘಾಟಿ ಹತ್ತಿಸಿ ತಂದ ಮಣ್ಣು ಕೆಂಪು ಗಂಜಿಯಾಗಿ ನನ್ನ ಅಂಗಳದಿಂದ ಚರಂಡಿಗೆ ಹರಿಯತೊಡಗಿತು. ಉಸ್ತಾದರು ಗೋಣಿಚೀಲ ಅಡ್ಡ ಇಟ್ಟು, ಕೊನೆಗೆ ಮಂಡಿಯೂರಿ ಬರಿಗೈಯಲ್ಲಿ ತಡೆಯಲು ನೋಡಿದರು. ತಾರಾ ಎದುರಿಗೆ ಕೂತು ತಾನೂ ಕೈ ಒಡ್ಡಿದಳು. ನಾಲ್ಕು ಕೈಗಳಿಗೂ ನಿಲ್ಲಲಿಲ್ಲ. ಅವರು ಆ ಹುಡುಗಿಯ ಕೆಂಪಾದ ಅಂಗೈಗಳನ್ನೇ ನೋಡುತ್ತಾ ಕೂತರು.

"ಏಳು ಕೂಸೇ. ಹೊರಗಿಟ್ರೆ ಯಾವ್ದೂ ಉಳಿಯಾಕಿಲ್ಲ. ನಡಿ, ಒಳಕ್ಕೆ."

ಕೊಡೆ ಹಿಡಿದು ನಾನೂ ಹಿಂದೆ ಹೋದೆ. ಹೊಸ್ತಿಲ ಹತ್ತಿರ "ತಡಿ" ಅಂದು ತಾರಾಳನ್ನು ನಿಲ್ಲಿಸಿದರು. ಮನಸ್ಸು ಬದಲಾಯಿತು ಅಂದುಕೊಂಡೆ. ಇಲ್ಲ, ಅವರು ಮನೆಗೆ ಹೋಗಿ ನಿಂಗಮ್ಮನ ಹಿತ್ತಾಳೆ ಚೊಂಬು ತಂದರು. ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋಗಿ, ಹನುಮಂತನ ಪಟದ ಕೆಳಗೆ ಇಟ್ಟರು.

"ಮೊದ್ಲು ಬರಬೇಕಾಗಿದ್ದೋಳು ಇವ್ಳು," ಅಂದರು. "ಈಗ ನೀ ಬಾ."

ಮತ್ತೆ ಸಂಜೆಯ ಕಾಫಿ ಶುರುವಾಯಿತು. ಕತೆಯ ಕೊನೆಗೆ ಜಡೆ ಪೈಲ್ವಾನ ತನ್ನ ಶಿಷ್ಯೆಯನ್ನು ನೋಡಿ ನಕ್ಕಾಗ "ಅಲೆಲೆ, ಹಲ್ಲು ಚೆನ್ನಾಗವೆ ಕಣವ್ವ ಇವಂದು!" ಅಂದು ಉಸ್ತಾದರೂ ನಕ್ಕರು. ಅವರ ಮುಂದಿನ ಹಲ್ಲೊಂದು ಇಲ್ಲ ಅಂತ ನನಗೆ ಗೊತ್ತಾಗಿದ್ದೇ ಆವತ್ತು.

ಹೋದ ವರ್ಷ ಹುಲ್ಲಿನ ಮೇಲೆ ಹಿಮ ಬೀಳುವ ದಿನಗಳಲ್ಲಿ ಅವರಿಗೆ ನಿಶ್ಶಕ್ತಿಯಾಯಿತು. ಅಖಾಡದ ಅಂಚಿನಲ್ಲಿ ಗೋಣಿ ಹಾಸಿಕೊಂಡು ಕೂತು ಪಾಠ ಹೇಳುತ್ತಿದ್ದರು. ಒಂದು ಬೆಳಗ್ಗೆ ನಾನು ಫ್ಲಾಸ್ಕಿನಲ್ಲಿ ಹಾಲು ತಂದು ಹೊಸ್ತಿಲಲ್ಲಿ ನಿಂತು, ಸುಮ್ಮನೆ ತಮಾಷೆಗೆ ಕೆಮ್ಮಿದೆ.

"ಕೆಮ್ಮಬ್ಯಾಡಿ ಕಣವ್ವ," ಅಂದರು ಒಳಗಿನಿಂದ. "ಹೊರಗೆ ನಿಂತು ಕೆಮ್ಮಿದ್ದು ಸಾಕು. ಬನ್ನಿ."

ಶೂಸ್, ಸಾಕ್ಸ್ ಬಿಚ್ಚಿ ಕಾಲಿಟ್ಟೆ. ಮಣ್ಣು ಮೊದಲು ಕೊರೆಯಿತು, ಆಮೇಲೆ ನಿಧಾನಕ್ಕೆ ಬೆಚ್ಚಗಾಯಿತು. ಅರಿಸಿನ, ಎಳ್ಳೆಣ್ಣೆ, ಬೆವರು.

"ವಾಸನೆ ಚೆನ್ನಾಗಿದೆ ಅಂತಿದ್ದರು ನಿಂಗಮ್ಮ," ಅಂದೆ.

ಉಸ್ತಾದರು ಚೊಂಬಿನ ಕಡೆ ತಿರುಗಿದರು. "ಅಂಗಂತಿದ್ಲಾ?" ಅಂದರು, "ನಂಗೆ ಹೇಳ್ಲೇ ಇಲ್ಲ, ನೋಡಿ."

ನಾವು ಮಾತಾಡಿದ್ದು ಅದೇ ಕೊನೆ. ಆ ಚಳಿ ಮುಗಿಯುವುದರೊಳಗೆ ಅವರು ಹೋದರು.

ಈಗ ಗುದ್ದಲಿ ಹಿಡಿಯುವುದು ತಾರಾ. ಕೆಳಗಿನ ಬೀದಿಯ ಹೆಣ್ಣುಮಕ್ಕಳಿಬ್ಬರು ಕಲಿಯಲು ಬರುತ್ತಾರೆ. ಹಾಲು ಒಯ್ಯುವುದು ನನ್ನ ಡ್ಯೂಟಿ. ಹೊಸ್ತಿಲ ಹತ್ತಿರ ಬಂದಾಗ ಇಂದಿಗೂ ಕಾಲು ತಾನಾಗಿ ನಿಲ್ಲುತ್ತದೆ, ಗಂಟಲಲ್ಲಿ ಒಂದು ಕೆಮ್ಮು ಸಿದ್ಧವಾಗುತ್ತದೆ. ಬನ್ನಿ ಅನ್ನುವ ದನಿಗಾಗಿ ಒಂದು ಗಳಿಗೆ ಕಾಯುತ್ತೇನೆ. ಆಮೇಲೆ ಕೆಮ್ಮನ್ನು ನುಂಗಿಕೊಂಡು ಒಳಗೆ ಹೋಗುತ್ತೇನೆ.