ನಿಂಗವ್ವನ ಮನೆಯಲ್ಲಿ ದುಡಿಯುವವರು ಇಲ್ಲವಂತೆ

ಹೋದ ಭಾನುವಾರ ಮಂಡ್ಯದಲ್ಲಿ ಒಬ್ಬ ದೊಡ್ಡ ಮನುಷ್ಯರ ಕೊರಳಿಗೆ ಹತ್ತೊಂಬತ್ತು ಹಾರ ಬಿದ್ದವು. ಎಣಿಸಿದವಳು ನಾನು. (ಎಣಿಸುವುದು ನನ್ನ ಹಳೆಯ ಚಾಳಿ. ನುಗ್ಗೆಕಾಯಿ ಎಣಿಸಿ ಒಂದಿಡೀ ಅಂಕಣ ಬರೆದು ನಿಮ್ಮ ತಲೆ ತಿಂದವಳಲ್ಲವೇ?) ಇಪ್ಪತ್ತನೆಯ ಹಾರ ನನ್ನ ಕೈಚೀಲದಲ್ಲಿತ್ತು. ನಮ್ಮ ಹಿತ್ತಲ ಕಾಕಡ ಹೂವಿನದು, ನಾನೇ ಕಟ್ಟಿದ್ದು. ಅದು ಯಾರ ಕೊರಳಿಗೂ ಬೀಳದೆ ಮಳವಳ್ಳಿ ಬಸ್ಸಿನಲ್ಲಿ ನನ್ನ ಜೊತೆಗೇ ವಾಪಸು ಬಂತು. ಮಾರನೆಯ ದಿನ ನಮ್ಮ ಹಸು ತಿಂದಿತು.

ಹಸುವಿಗೆ ಸಂತೋಷವಾಯಿತು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಆ ದೊಡ್ಡ ಮನುಷ್ಯರು ನಮ್ಮ ಕಡೆಯವರೇ. ಮದ್ದೂರಿನ ಸ್ಕೂಲಿನಲ್ಲಿ ಓದಿ, ಎಕನಾಮಿಕ್ಸ್‌ನಲ್ಲಿ ಎಂ.ಎ. ಮಾಡಿ, ಲೆಕ್ಚರರ್ ಆಗಿ, ಪ್ರೊಫೆಸರ್ ಆಗಿ, ಯುದ್ಧಕಾಲದಲ್ಲಿ ಆಹಾರದ ಕಮಿಟಿಯಲ್ಲಿ ಕುಳಿತು, ಈಗ ಉತ್ತರದ ಕಡೆ ಒಂದು ಯೂನಿವರ್ಸಿಟಿಗೆ ವೈಸ್ ಛಾನ್ಸಲರ್ ಆಗಿ ಹೊರಟಿದ್ದಾರೆ. ಹೆಸರು ಬೇಡ. ಪ್ರೊಫೆಸರು ಎಂದರೆ ಸಾಕು. ನಮ್ಮ ಜಿಲ್ಲೆಗೇ ಹೆಮ್ಮೆ ಎಂದು ಭಾಷಣ ಮಾಡಿದವರೆಲ್ಲ ಹೇಳಿದರು. ಅಲ್ಲವೆಂದು ನಾನೂ ಹೇಳುವುದಿಲ್ಲ.

ಆದರೆ ಆ ಹೆಮ್ಮೆ ಮೊದಲು ಕಾಲೂರಿದ್ದು ನಮ್ಮ ಮನೆಯ ಜಗಲಿಯಲ್ಲಿ. ಅದನ್ನು ಯಾರೂ ಹೇಳಲಿಲ್ಲ.

ಎಂಟೊಂಬತ್ತು ವರ್ಷದ ಹಿಂದಿನ ಮಾತು. ಮಳವಳ್ಳಿಯಿಂದ ಒಳಗೆ ನಾಲ್ಕು ಮೈಲಿಯ ನಮ್ಮ ಹಳ್ಳಿಗೆ ಒಬ್ಬ ತೆಳ್ಳನೆಯ ಲೆಕ್ಚರರು ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬಂದರು. ಇವರೇ. ಹಳ್ಳಿಯ ಸರ್ವೆ ಮಾಡಬೇಕಂತೆ. ಯಾರು ಏನು ದುಡಿಯುತ್ತಾರೆ, ಏನು ಉಣ್ಣುತ್ತಾರೆ, ಎಲ್ಲವನ್ನೂ ಬರೆದು ಪುಸ್ತಕ ಮಾಡಬೇಕಂತೆ. ನಮ್ಮ ಯಜಮಾನರು ಊರಿನ ಸ್ಕೂಲಿಗೆ ಮೇಷ್ಟ್ರು. ಮೇಷ್ಟ್ರ ಮನೆಯಲ್ಲದೆ ಇನ್ನೆಲ್ಲಿ ಇಳಿದುಕೊಳ್ಳಬೇಕು? ಒಂದು ವರ್ಷ ಪ್ರತಿ ಶನಿವಾರ ಬಂದರು. ಒಳ್ಳೆಯ ಮನುಷ್ಯರೇ. ಊರಿಗೆ ಚಳಿಜ್ವರ ಬಂದಾಗ ಕ್ವಿನೈನ್ ಮಾತ್ರೆ ತಂದು ಮನೆಮನೆಗೆ ಹಂಚಿದವರು. ಅದನ್ನು ಮರೆತರೆ ನನ್ನ ಬಾಯಿಗೆ ಹುಳ ಬೀಳುತ್ತದೆ.

ಗಂಡಸರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಅವರೇ ಕೇಳಿದರು. ಅಡಿಗೆಮನೆಗೆ ನುಗ್ಗಿ ಹೆಂಗಸರನ್ನು ಕೇಳಲಾದೀತೇ? ಅದಕ್ಕೆ ನನ್ನ ಕೈಗೊಂದು ನೋಟ್‌ಬುಕ್ ಕೊಟ್ಟು, ನಾಲ್ಕು ಮನೆಗಳಲ್ಲಿ ಹೆಂಗಸರು ಬೆಳಗಿನಿಂದ ಏನೇನು ಮಾಡುತ್ತಾರೆಂದು ನೋಡಿ ಬರೆದುಕೊಡಿ ತಾಯಿ ಎಂದರು.

ಮೊದಲು ಹೋದದ್ದು ಎದುರುಮನೆಯ ನಿಂಗವ್ವನ ಹತ್ತಿರ. ಏನು ಕೆಲಸ ಮಾಡುತ್ತೀಯ ನಿಂಗವ್ವ ಎಂದು ಕೇಳಿದೆ.

"ನಾನೇನ್ ಮಾಡ್ತೀನಿ ಮೇಷ್ಟ್ರಮ್ಮ. ಸುಮ್ಕೆ ಅಟ್ಟೀಲಿರ್ತೀನಿ ಕಣಮ್ಮ."

ಹೀಗೆ ಹೇಳುವಾಗ ಅವಳ ಬಲಗೈ ರಾಗಿಕಲ್ಲಿನ ಗೂಟ ತಿರುಗಿಸುತ್ತಿತ್ತು. ಎಡಗೈ ಕಲ್ಲಿನ ಬಾಯಿಗೆ ರಾಗಿ ಹಾಕುತ್ತಿತ್ತು. ಕಾಲ ಮೇಲೆ ಕಿರಿಮಗಳು ಮಲಗಿದ್ದಳು. ನಮ್ಮ ಹೆಂಗಸರು ಯಾರನ್ನು ಕೇಳಿ, ಇದೇ ಉತ್ತರ. ಕೆಲಸ ಮಾಡುತ್ತೇನೆ ಎನ್ನುವುದು ಅವರಿಗೆ ಜಂಬದ ಮಾತು.

ನಾನು ಅವಳು ಹೇಳಿದ್ದನ್ನು ಬಿಟ್ಟು ಮಾಡಿದ್ದನ್ನು ಬರೆದೆ. ಕೋಳಿ ಕೂಗುವಾಗ ಬೀಸಿದ್ದು. ಕೊಟ್ಟಿಗೆ ಬಾಚಿದ್ದು. ಕೆರೆಯಿಂದ ಆರು ಬಿಂದಿಗೆ ನೀರು. ಹೊಲದಲ್ಲಿ ಕಳೆ. ಭಾವನ ಗದ್ದೆಯಲ್ಲಿ ಮುಯ್ಯಾಳಿಗೆ ನಾಟಿ. (ಇವಳು ಅವರಿಗೆ ನಾಟಿ ಹಾಕಬೇಕು, ಅವರು ಇವಳ ಹೊಲ ಉಳಬೇಕು, ಅದು ಮುಯ್ಯಿ.) ಒಂದು ವರ್ಷ, ಒಂದು ದಿನ ಬಿಡದೆ ಬರೆದೆ. ನೋಟ್‌ಬುಕ್ ತುಂಬಿ ಎರಡನೆಯದು ತರಿಸಿಕೊಂಡೆ.

ಪುಸ್ತಕ ಬಂತು. ಇಂಗ್ಲಿಷಿನಲ್ಲಿ. ಯಜಮಾನರು ಓದಿ ಹೇಳಿದರು. ನಿಂಗವ್ವನ ಮನೆಯ ಎದುರಿಗೆ ಹೀಗಿತ್ತು: ದುಡಿಯುವವರು ಒಬ್ಬರು, ಕೆಲಸವಿಲ್ಲದವರು ನಾಲ್ವರು. ದುಡಿಯುವವನು ಅವಳ ಗಂಡ. ಕೆಲಸವಿಲ್ಲದವರಲ್ಲಿ ಅವಳ ಅತ್ತೆ, ಎರಡು ಹೆಣ್ಣುಮಕ್ಕಳು, ಮತ್ತು ಅವಳು.

ನನ್ನ ಎರಡು ನೋಟ್‌ಬುಕ್ ಎಲ್ಲಿ ಹೋದವು? ಮುನ್ನುಡಿಯ ಕೊನೆಯಲ್ಲಿ ನನಗೂ ಒಂದು ಸಾಲು ಥ್ಯಾಂಕ್ಸ್ ಇತ್ತು. ಉಪ್ಪಿಟ್ಟು ಮತ್ತು ಕಾಫಿಗಾಗಿ.

ಆಗ ನುಂಗಿಕೊಂಡೆ. ಪುಸ್ತಕ ತಾನೇ, ಅದರಿಂದ ಯಾರ ಹೊಟ್ಟೆಗೇನು ಎಂದುಕೊಂಡೆ.

ಹೊಟ್ಟೆಗೇ ಬಂತು. ಯುದ್ಧ ಶುರುವಾಯಿತು, ಲೆವಿ ಬಂತು. ಬೆಳೆದ ರಾಗಿಯಲ್ಲಿ ಮನೆಯ ಊಟಕ್ಕಿಷ್ಟು ಬಿಟ್ಟು ಮಿಕ್ಕದ್ದನ್ನು ಸರ್ಕಾರಕ್ಕೆ ಅಳೆಯಬೇಕು. ಎಷ್ಟು ಬಿಡಬೇಕು? ದುಡಿಯುವವರಿಗೆ ಜಾಸ್ತಿ, ಸುಮ್ಮನಿರುವವರಿಗೆ ಕಮ್ಮಿ. ನ್ಯಾಯವೇ. ಆದರೆ ನಮ್ಮ ಊರಿನ ಪಟ್ಟಿಯನ್ನು ಮತ್ತೆ ಯಾರು ತಿರುಗಿ ಬರೆಯುತ್ತಾರೆ? ಪ್ರೊಫೆಸರ ಪುಸ್ತಕದಲ್ಲೇ ಇದೆಯಲ್ಲ ಎಂದು ಅಲ್ಲಿಂದಲೇ ಇಳಿಸಿಕೊಂಡರು. ಹೋದ ವರ್ಷ ನಿಂಗವ್ವನ ಗಂಡ ತೀರಿಕೊಂಡ. ಅವನ ಹೆಸರಿಗೊಂದು ಗೀಟು ಹಾಕಿದರು. ಈಗ ಪಟ್ಟಿಯಲ್ಲಿ ಆ ಮನೆಯ ಎದುರಿಗೆ ಏನಿದೆ ಗೊತ್ತೇ? ದುಡಿಯುವವರು: ಇಲ್ಲ.

ದುಡಿಯುವವರೇ ಇಲ್ಲದ ಮನೆಯಲ್ಲಿ ರಾಗಿ ಬೆಳೆದದ್ದು ಹೇಗೆ ಎಂದು ಒಬ್ಬರಾದರೂ ಕೇಳಬೇಡವೇ?

ಈ ಗುರುವಾರ ಅಳತೆಗೆ ಬರುತ್ತೇವೆಂದು ಹೇಳಿಕಳಿಸಿದ್ದರು. ಪಟ್ಟಿಯಲ್ಲಿದ್ದಂತೆ ಅಳೆದರೆ ನಿಂಗವ್ವನ ರಾಗಿ ಆಷಾಢಕ್ಕೇ ಮುಗಿಯುತ್ತದೆ. ಮುಂದಿನ ಸುಗ್ಗಿಯವರೆಗೆ ನಾಲ್ಕು ಹೊಟ್ಟೆ ಏನು ಮಾಡಬೇಕು? ಪ್ರೊಫೆಸರು ಮಂಡ್ಯಕ್ಕೆ ಬರುತ್ತಾರೆಂದು ತಿಳಿದಾಗ ನನಗೆ ಜೀವ ಬಂತು. ಪುಸ್ತಕ ಬರೆದವರೇ ಒಂದು ಸಾಲು ಚೀಟಿ ಬರೆದುಕೊಟ್ಟರೆ ಸಾಕಲ್ಲ. ಹಾರ ಕಟ್ಟಿದೆ. ನಿಂಗವ್ವನನ್ನು ಹೊರಡಿಸಿದೆ.

ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಮದ್ದೂರು. (ಏರು ಬಂದಾಗ ಇಳಿದು ತಳ್ಳಿದೆವು. ಹೆಂಗಸರೂ ತಳ್ಳಿದೆವು. ಇದೂ ಯಾವ ಪಟ್ಟಿಗೂ ಸೇರುವುದಿಲ್ಲ.) ದಾರಿಯುದ್ದಕ್ಕೂ ಶಿವನಸಮುದ್ರದ ಕರೆಂಟಿನ ಕಂಬಗಳು. ಕರೆಂಟು ನಮ್ಮ ತಲೆಯ ಮೇಲೇ ಹಾದು ಎಲ್ಲೋ ದೂರದಲ್ಲಿ ದೀಪವಾಗುತ್ತದೆ. ನಮ್ಮೂರಲ್ಲಿ ಸೀಮೆಎಣ್ಣೆಗೂ ಕ್ಯೂ. ಮದ್ದೂರಿನಲ್ಲಿ ರೈಲು ಹತ್ತಿ ಮಂಡ್ಯ.

ಪ್ರೊಫೆಸರು ಚೆನ್ನಾಗಿ ಮಾತಾಡಿದರು. ಹಳ್ಳಿಯನ್ನು ಕಣ್ಣಾರೆ ನೋಡದವನು ಎಕನಾಮಿಕ್ಸ್ ಓದಿ ಫಲವಿಲ್ಲ ಎಂದರು. ಚಪ್ಪಾಳೆ. ಸಭೆ ಮುಗಿದ ಮೇಲೆ ನನ್ನ ಗುರುತು ಹಿಡಿದು, ಓ, ನಮ್ಮ ಉಪ್ಪಿಟ್ಟಿನ ತಾಯಿ ಬಂದಿದ್ದಾರೆ ಎಂದು ಸುತ್ತಲಿದ್ದವರಿಗೆ ತೋರಿಸಿದರು. ನಾನು ಉಪ್ಪಿಟ್ಟಿನ ಮಾತು ಬಿಟ್ಟು ರಾಗಿಯ ಮಾತೆತ್ತಿದೆ. ಪೂರ್ತಿ ಕೇಳಿಸಿಕೊಂಡರು. ಅದೂ ಅವರ ದೊಡ್ಡತನವೇ.

"ನೀವು ಹೇಳೋದು ನಿಜ ತಾಯಿ. ಆದರೆ ಪೇಟೆಗೆ ಬಾರದ ಕೆಲಸವನ್ನ ನಮ್ಮ ಶಾಸ್ತ್ರ ಕೆಲಸ ಅಂತ ಲೆಕ್ಕಕ್ಕೆ ಹಿಡಿಯೋದಿಲ್ಲ. ಇಂಗ್ಲೆಂಡಿನಲ್ಲೂ ಹೀಗೇ."

ನಿಂಗವ್ವ ಅಲ್ಲಿಯವರೆಗೆ ನನ್ನ ಹಿಂದೆ ನಿಂತಿದ್ದಳು. ಸೆರಗು ಸರಿಮಾಡಿಕೊಂಡು ಕೇಳಿದಳು.

"ಅಲ್ಲೂ ಇಟ್ಟಿನ ಮುದ್ದೆ ತಾನಾಗೇ ಬಂದು ತಟ್ಟೇಲಿ ಕುಂತ್ಕತದಾ ಸಾಮಿ?"

ಎಲ್ಲರೂ ನಕ್ಕರು. ಪ್ರೊಫೆಸರು ಎಲ್ಲರಿಗಿಂತ ಜೋರಾಗಿ ನಕ್ಕರು. ನಗು ಬಂದದ್ದರಿಂದಲೇ ನಮ್ಮ ಕೆಲಸ ಕೆಟ್ಟಿತು. ಬಡವರ ಮಾತಿಗೆ ಒಂದು ಸಲ ನಕ್ಕುಬಿಟ್ಟರೆ ಉತ್ತರ ಕೊಟ್ಟಂತೆಯೇ ಲೆಕ್ಕ. ತಾವು ಈಗ ಆಹಾರದ ಕಮಿಟಿಯಲ್ಲಿಲ್ಲ, ಯೂನಿವರ್ಸಿಟಿಯ ಕಡೆಗೆ ಬಂದಾಯಿತು, ಒಂದು ಅರ್ಜಿ ಬರೆದುಹಾಕಿ, ಮುಂದಿನ ಎಡಿಷನ್ನಿನಲ್ಲಿ ನೋಡೋಣ ಎಂದು ಹೇಳಿ ಕಾರು ಹತ್ತಿದರು. ಚೀಟಿ ಬರಲಿಲ್ಲ.

ಮುಂದಿನ ಎಡಿಷನ್ನಿನವರೆಗೆ ಹೊಟ್ಟೆ ತಡೆಯುತ್ತದೆಯೇ, ಸ್ವಾಮಿ?

ಗುರುವಾರ ಲೆವಿಯವನು ಇಬ್ಬರು ಆಳುಗಳೊಂದಿಗೆ ಬಂದ. ನಿಂಗವ್ವನ ರಾಗಿ ಅಂಗಳದ ಹಗೇವಿನಲ್ಲಿತ್ತು. ನೆಲದೊಳಗೆ ಆಳೆತ್ತರ ತೋಡಿದ ಗುಳಿ, ಬಾಯಿಗೆ ಚಪ್ಪಡಿ ಕಲ್ಲು, ಅದರ ಮೇಲೆ ಮಣ್ಣು. ಮನೆಯಲ್ಲಿ ಇದ್ದದ್ದು ಕಣ್ಣು ಕಾಣದ ಅತ್ತೆ ಮಾತ್ರ. ನಿಂಗವ್ವ ಎಲ್ಲಿ ಎಂದರೆ ಮುದುಕಿ, ಹೊಲಕ್ಕೆ ಗೊಬ್ಬರ ಹೊರಲು ಕತ್ತಲಿರುವಾಗಲೇ ಹೋದಳು ಎಂದಿತು. ಅವಳಿಲ್ಲದೆ ಹಗೇವು ತೆಗೆಯುವಂತಿಲ್ಲ. ಲೆವಿಯವನು ಪಟ್ಟಿ ಮಡಿಸಿ ನಮ್ಮ ಜಗಲಿಯ ಮೇಲೆ ಕುಳಿತ. ಬಿಸಿಲು ನೆತ್ತಿಗೆ ಬರುವವರೆಗೆ ಕುಳಿತ. ನೀರು ಕೊಟ್ಟೆ. ಕಾಫಿ ಕೊಡಲಿಲ್ಲ. (ಇನ್ನೊಂದು ಪುಸ್ತಕದಲ್ಲಿ ಥ್ಯಾಂಕ್ಸ್ ಬಂದೀತೆಂಬ ಭಯ.)

ಅವಳು ಬಂದಳು. ಮಂಕರಿ ಇಳಿಸಿ, ಮಣ್ಣು ಕೆದಕಿ, ಹಾರೆಯಿಂದ ಕಲ್ಲು ಮೀಟಿದಳು. ಬೇಗ ಇಳಿ ಎಂದು ಅವನ ಅವಸರ. ಅವಳು ದೀಪಕ್ಕೆ ಹಗ್ಗ ಕಟ್ಟಿ ಒಳಗೆ ಬಿಟ್ಟಳು. ದೀಪ ಆರಿತು. ಒಳಗೆ ಕೆಟ್ಟಗಾಳಿ, ಇಳಿದವರು ಉಸಿರುಕಟ್ಟಿ ಸಾಯುತ್ತಾರೆ. ಬಹಳ ಹೊತ್ತು ಕಾದು ಮತ್ತೆ ಬಿಟ್ಟಾಗ ದೀಪ ಉರಿಯಿತು. ಆಳುಗಳಿಬ್ಬರೂ ಆ ಹೊತ್ತಿಗೆ ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದರು. ಇನ್ನೇನು ನೋಡುತ್ತೀಯ, ಇಳಿ ಎಂದ ಲೆವಿಯವನು.

"ಕೆಲ್ಸ ಇಲ್ದೋಳು ನಾನು," ಎಂದಳು ನಿಂಗವ್ವ. "ಕೆಲ್ಸ ಇರೋರು ನೀವ್ ಇಳೀರಿ ಸಾಮಿ. ನಾನ್ ಮ್ಯಾಲ್ ನಿಂತ್ಕಂಡ್ ಬರ್ಕತೀನಿ."

ಈ ಸಲ ಯಾರೂ ನಗಲಿಲ್ಲ. ಅವನು ಪಟ್ಟಿ ಬಿಡಿಸಿ ನೋಡಿದ. ಹಗೇವಿನ ಬಾಯಿ ನೋಡಿದ. ತಿದ್ದುವ ಅಧಿಕಾರ ತನಗಿಲ್ಲ ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ.

ನಿಂಗವ್ವ ಸೀರೆ ಕಚ್ಚೆ ಕಟ್ಟಿ ತಾನೇ ಇಳಿದಳು. ತನ್ನ ರಾಗಿಯನ್ನು ತಾನೇ ತುಂಬಿ ತಾನೇ ಮೇಲೆ ಕೊಟ್ಟಳು. ಇಳಿದಾಗ ಅವಳ ಸೊಂಟದವರೆಗಿದ್ದ ರಾಗಿ, ಅಳತೆ ಮುಗಿದಾಗ ಮೊಣಕಾಲಿಗೆ ಬಂದಿತ್ತು.

ನಾನು ಅರ್ಜಿ ಬರೆದು ಹಾಕಿದ್ದೇನೆ. ಹೊಸದೊಂದು ನೋಟ್‌ಬುಕ್ಕನ್ನೂ ಶುರುಮಾಡಿದ್ದೇನೆ. ಮೊದಲ ದಿನದ ಮೊದಲ ಸಾಲಿಗೇ ಒಂದು ತೊಡಕು ಬಂದಿದೆ.

ಕೆಲಸವಿಲ್ಲದವಳು ಕೆಲಸ ಮುಗಿಸಿ ಬರಲೆಂದು ಲೆವಿಯವನು ನಡುಮಧ್ಯಾಹ್ನದವರೆಗೆ ಕಾದು ಕುಳಿತಿದ್ದನಲ್ಲ, ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ, ಪ್ರೊಫೆಸರೇ?